ಕನ್ನಡಿಯೊಳಗಿರೋ ಪಿನ್‌ಅಪ್ ಹುಡುಗಿ ಯಾರನ್ನ ನೋಡ್ತಿದಾಳೆ?

ಓದುಗರ ಪ್ರಶ್ನೆ: "ಸರ್ ನಮಸ್ಕಾರ. ನಾನು ಶಿವಮೊಗ್ಗದಲ್ಲಿದ್ಕೊಂಡು ಫ್ರೀಲಾನ್ಸ್ ಇಲಸ್ಟ್ರೇಶನ್ ಮಾಡ್ತೀನಿ. ಬೆಂಗಳೂರಿನ ಒಂದು ಬ್ಯೂಟಿ ಸಲೂನ್‌ನವರು ಗೋಡೆಗೆ ಹಾಕೋಕೆ ಐವತ್ತರ ದಶಕದ ಅಮೆರಿಕನ್ ಪಿನ್‌ಅಪ್ ಸ್ಟೈಲ್‌ನಲ್ಲಿ (ಕ್ಯಾಲೆಂಡರಿಗೆ, ಗೋಡೆಗೆ ಅಂತ ಬರೀತಿದ್ದ ಅಂದದ ಹುಡುಗಿಯರ ಚಿತ್ರ) ದೊಡ್ಡ ಪೋಸ್ಟರ್ ಕೇಳಿದಾರೆ. ಹುಡುಗಿ ಡ್ರೆಸ್ಸಿಂಗ್ ಟೇಬಲ್ ಮುಂದೆ ಕೂತಿದಾಳೆ, ನಮಗೆ ಬೆನ್ನು, ಕೈಯಲ್ಲಿ ಲಿಪ್‌ಸ್ಟಿಕ್, ಎಡಗಿವಿ ಹತ್ರ ಕೆಂಪು ಹೂವು, ಮುಖ ಕನ್ನಡಿಯಲ್ಲಿ ಕಾಣತ್ತೆ. ಫ್ರೆಂಡ್‌ನ ಕೂರಿಸಿ ಮೊಬೈಲಲ್ಲಿ ಫೋಟೋ ತೆಗೆದೆ, ಆದ್ರೆ ಕನ್ನಡಿಯಲ್ಲಿ ಮುಖ ತೀರಾ ಚಿಕ್ಕದಾಗಿ ಬಂತು. ಅದಕ್ಕೆ ಅವಳ ಮುಖದ್ದೇ ಇನ್ನೊಂದು ಫೋಟೋ ಎದುರಿಂದ ತೆಗೆದು ಅದನ್ನ ನೋಡ್ಕೊಂಡು ಕನ್ನಡಿಯೊಳಗೆ ಬರೆದೆ. ಈಗ ಕ್ಲೈಂಟ್ 'ಇವಳು ಕನ್ನಡಿ ನೋಡ್ಕೋತಾ ಇಲ್ಲ, ನಮ್ಮನ್ನ ನೋಡ್ತಿದಾಳೆ' ಅಂತಾರೆ. ನಮ್ಮ ಗ್ರೂಪಲ್ಲಿ ಒಬ್ರು ಮುಖ ದೊಡ್ಡದಾಯ್ತು ಅಂತಾರೆ. ಹೂವು ಕನ್ನಡಿಯಲ್ಲಿ ಬಲಗಡೆ ಬಂದಿದೆ, ಅದು ಸರಿ, ಕನ್ನಡಿ ಎಡ ಬಲ ಉಲ್ಟಾ ಮಾಡತ್ತಲ್ಲ ಅಂತ ಒಬ್ರು, ಅಲ್ಲ ತಪ್ಪು ಅಂತ ಇನ್ನೊಬ್ರು. ಹಳೇ ಮಾಸ್ಟರ್‌ಗಳೆಲ್ಲ ಹಿಂಗೇ ಸುಳ್ಳು ಬರೆದಿದಾರೆ ಬಿಡು ಅಂತ ಮತ್ತೊಬ್ರು. ಕೊನೆಗೆ ಒಬ್ರಂತೂ ಈ ಕನ್ನಡಿ ಐಡಿಯಾನೇ ಚೀಪ್, ಹೆಣ್ಣನ್ನ ಎರಡೂ ಕಡೆಯಿಂದ ತೋರಿಸೋಕೆ ಒಂದು ನೆಪ ಅಷ್ಟೇ ಅಂದ್ರು. ಎಲ್ಲ ಅಳಿಸಿ ಮೊದಲಿಂದ ಮಾಡ್ಲಾ? ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್ ಕಲೀಬೇಕಾ? ಟೈಮೂ ಇಲ್ಲ, ತಲೆ ಕೆಟ್ಟು ಹೋಗಿದೆ."

ಉತ್ತರ:

ತಲೆ ಕೆಡಿಸ್ಕೋಬೇಡಿ. ನಿಮಗೆ ಬಂದಿರೋ ಕಂಪ್ಲೇಂಟ್ ಮೂರು, ಆದ್ರೆ ಮೂರಕ್ಕೂ ಕಾರಣ ಆ ಎರಡನೇ ಫೋಟೋ ಒಂದೇ. ಎದುರಿಂದ ತೆಗೆಯುವಾಗ ನಿಮ್ಮ ಫ್ರೆಂಡ್ ಕ್ಯಾಮೆರಾ ನೋಡಿದಾರೆ, ಅದಕ್ಕೆ ಕನ್ನಡಿಯೊಳಗಿನ ಮುಖ ನಮ್ಮನ್ನ ನೋಡ್ತಿದೆ. ಹತ್ತಿರದಿಂದ ತೆಗೆದಿದೀರ, ಅದಕ್ಕೆ ಮುಖ ದೊಡ್ಡದು. ಫೋಟೋನ ಫ್ಲಿಪ್ ಮಾಡಿಲ್ಲ, ಅಂದ್ರೆ ಎಡ ಬಲ ತಿರುಗಿಸಿಲ್ಲ, ಅದಕ್ಕೆ ಹೂವು ಆ ಕಡೆಗೆ ಹೋಗಿದೆ. ಇನ್ನೂ ಯಾರೂ ಹೇಳದೇ ಇರೋದು ಒಂದಿದೆ, ಬೆಳಕು, ಅದೂ ಬೇರೆ ಕಿಟಕಿದು ಇರತ್ತೆ ಅಂತ ನನ್ನ ಗೆಸ್ಸು. ಅಂದ್ರೆ ನೀವು ಕನ್ನಡಿ ಬರೆದಿಲ್ಲ, ಕನ್ನಡಿ ಫ್ರೇಮ್ ಒಳಗೆ ಇನ್ನೊಂದು ಪೋರ್ಟ್ರೇಟ್ ಬರೆದಿದೀರ. ಇದು ಫೋಟೋ ರೆಫರೆನ್ಸ್ ಇಟ್ಕೊಂಡು ಕೆಲಸ ಮಾಡೋರೆಲ್ಲ ಬೀಳೋ ಗುಂಡಿ, ನನ್ನ ಸ್ಟೂಡೆಂಟ್‌ಗಳ ಪೋರ್ಟ್‌ಫೋಲಿಯೋದಲ್ಲಿ ಕನ್ನಡಿ ಇರೋ ಚಿತ್ರ ಕಂಡ್ರೆ ನಾನು ಮೊದಲು ಕೇಳೋದೇ ಇದಕ್ಕೆ ಎಷ್ಟು ಫೋಟೋ ಬಳಸಿದೀಯ ಅಂತ.

ನೋಟದ ವಿಷಯಾನೇ ಮೊದಲು ತಗೋಳೋಣ, ಯಾಕಂದ್ರೆ ಮಿಕ್ಕಿದ್ದೆಲ್ಲ ಅದರ ಹಿಂದೇನೇ ಬರತ್ತೆ. ಬೆಳಕು ಹೋದ ದಾರಿಯಲ್ಲೇ ವಾಪಸ್ಸೂ ಬರತ್ತೆ. ಪಾರ್ಲರಲ್ಲಿ ಕುರ್ಚಿ ಮೇಲೆ ಕೂತಾಗ ಹಿಂದಿನ ಸೋಫಾದಲ್ಲಿ ಕೂತೋರ ಕಣ್ಣು ನಿಮಗೆ ಕನ್ನಡಿಯಲ್ಲಿ ಕಂಡ್ರೆ ಅವರಿಗೂ ನಿಮ್ಮ ಕಣ್ಣು ಕಾಣತ್ತೆ, ಇಬ್ರೂ ಒಟ್ಟಿಗೆ ಕಣ್ಣು ತಪ್ಪಿಸೋದು ಅದಕ್ಕೇ. ಹಾಗಾಗಿ ಕನ್ನಡಿಯೊಳಗಿನ ಮುಖ ನೆಟ್ಟಗೆ ನಮ್ಮ ಕಡೆ ನೋಡ್ತಿದೆ ಅಂದ್ರೆ ಆ ಹುಡುಗಿ ತನ್ನ ಮುಖ ನೋಡ್ಕೋತಿಲ್ಲ, ಕನ್ನಡಿ ಮೂಲಕ ನಮ್ಮನ್ನೇ ನೋಡ್ತಿದಾಳೆ. ನಿಮ್ಮ ಕ್ಲೈಂಟ್ ಹೇಳಿದ್ದು ನೂರಕ್ಕೆ ನೂರು ಸರಿ. ಸಲೂನ್‌ನವರು ಅಲ್ವಾ, ದಿನವಿಡೀ ಗಿರಾಕಿಯ ಹಿಂದೆ ನಿಂತು ಕನ್ನಡಿಯಲ್ಲಿ ಮುಖ ನೋಡ್ಕೊಂಡೇ ಕತ್ತರಿ ಆಡಿಸೋ ಜನ, ಅವರ ಕಣ್ಣಿಗೆ ಮಣ್ಣೆರಚೋದು ಕಷ್ಟ.

ಆದ್ರೆ ಸಾಮಾನ್ಯ ನೋಡುಗರಿಗೆ ಇದು ಗೊತ್ತಾಗಲ್ಲ, ಇದೇ ಮಜಾ. ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿ ಸ್ಪೇನ್‌ನ ಚಿತ್ರಕಾರ ವೆಲಾಸ್ಕೆಜ್‌ನ ರೋಕ್‌ಬಿ ವೀನಸ್ ಅನ್ನೋ ಚಿತ್ರ ಇದೆ, 1640ರ ದಶಕದ ಕೊನೆ ಇಲ್ಲಾ 1650ರ ಶುರುವಿನದ್ದು, ಅದರಲ್ಲಿ ರೋಮನ್ನರ ಪ್ರೇಮದೇವತೆ ವೀನಸ್ ನಮಗೆ ಬೆನ್ನು ಹಾಕಿ ಮಲಗಿದಾಳೆ, ಅವಳ ಮಗ ಕ್ಯುಪಿಡ್ ಕನ್ನಡಿ ಹಿಡ್ಕೊಂಡಿದಾನೆ, ಕನ್ನಡಿಯಲ್ಲಿ ಅವಳ ಮುಖ ಮಸುಕಾಗಿ ಕಾಣತ್ತೆ. ನೋಡಿದೋರೆಲ್ಲ ತನ್ನ ಅಂದ ತಾನೇ ನೋಡ್ಕೋತಿದಾಳೆ ಅಂತಾರೆ. ನಮಗೆ ಮುಖ ಕಂಡ್ರೆ ಅವಳಿಗೆ ಆ ಜಾಗದಲ್ಲಿ ಅವಳ ಮುಖ ಕಾಣೋಕೆ ಹೇಗೆ ಸಾಧ್ಯ? ಲಿವರ್‌ಪೂಲ್ ಯೂನಿವರ್ಸಿಟಿಯ ಮಾರ್ಕೊ ಬರ್ಟಮಿನಿ ಮತ್ತು ಜೊತೆಯವರು 2003ರಲ್ಲಿ ಇದರ ಮೇಲೆ ಸ್ಟಡಿ ಮಾಡಿ ಇದಕ್ಕೆ ವೀನಸ್ ಎಫೆಕ್ಟ್ ಅಂತಾನೇ ಹೆಸರಿಟ್ರು. ಚಿತ್ರದಲ್ಲಿ ಒಬ್ಬರು, ಒಂದು ಕನ್ನಡಿ, ಅದರಲ್ಲಿ ಅವರ ಮುಖ, ಇಷ್ಟು ಕಂಡ್ರೆ ಸಾಕು, ನೋಡ್ಕೋತಿದಾರೆ ಅಂತ ನಮ್ಮ ತಲೆ ತೀರ್ಮಾನ ಮಾಡಿಬಿಡತ್ತೆ, ಕೋನ ಗೀನ ಲೆಕ್ಕ ಹಾಕೋದೇ ಇಲ್ಲ.

ಪಿನ್‌ಅಪ್ ಕಲಾವಿದರು ಬದುಕಿದ್ದೇ ಈ ಸಂದಿಯಲ್ಲಿ. ಅವರ ಸಮಸ್ಯೆ ಏನಿತ್ತು ನೋಡಿ. ಒಂದೇ ಚಿತ್ರದಲ್ಲಿ ಬೆನ್ನಿನ ಗೆರೆನೂ ಬೇಕು, ಮುಖದ ನಗುನೂ ಬೇಕು. ಒಂದು ದಾರಿ ಭುಜದ ಮೇಲಿಂದ ತಿರುಗಿ ನೋಡೋದು, 1943ರಲ್ಲಿ ಫ್ರ್ಯಾಂಕ್ ಪೊವೊಲ್ನಿ ತೆಗೆದ ಹಾಲಿವುಡ್ ನಟಿ ಬೆಟ್ಟಿ ಗ್ರೇಬಲ್ ಫೋಟೋ ಅದೇ, ಬಿಳಿ ಈಜುಡುಗೆ, ನಮಗೆ ಬೆನ್ನು, ತಲೆ ಮಾತ್ರ ನಮ್ಮ ಕಡೆ. ಯುದ್ಧಕ್ಕೆ ಹೋದ ಅಮೆರಿಕನ್ ಸೈನಿಕರ ಪೆಟ್ಟಿಗೆಯಲ್ಲೆಲ್ಲ ಇದ್ದ ಚಿತ್ರ ಅದು. ಇನ್ನೊಂದು ದಾರಿ ಕನ್ನಡಿ. ಭುಜದ ಮೇಲಿನ ನೋಟದಲ್ಲಿ ನಾವು ಅಲ್ಲಿದೀವಿ ಅಂತ ಅವಳಿಗೆ ಗೊತ್ತು. ಕನ್ನಡಿಯಲ್ಲಿ ಗೊತ್ತೂ ಇರಬಹುದು, ಗೊತ್ತಿಲ್ಲದೇನೂ ಇರಬಹುದು, ಲಿಪ್‌ಸ್ಟಿಕ್ ಹಚ್ಕೋತಾ ಹಚ್ಕೋತಾ ನಮ್ಮನ್ನ ಹಿಡಿದುಬಿಟ್ಳಾ ಇಲ್ವಾ ಅನ್ನೋ ಆ ಅನುಮಾನ ಇದ್ಯಲ್ಲ, ಪಿನ್‌ಅಪ್‌ಗೆ ಬೇಕಾದ ತುಂಟತನ ಅದೇ.

ಹಾಗಾಗಿ ನೀವು ಬ್ರಷ್ ಮುಟ್ಟೋ ಮೊದಲು ತೀರ್ಮಾನ ಮಾಡ್ಬೇಕಾದ್ದು ಒಂದೇ: ಇವಳು ನೋಡ್ತಿರೋದು ಯಾರನ್ನ? ತನ್ನನ್ನಾ, ನಮ್ಮನ್ನಾ? ಎರಡೂ ಸರಿ. ಎರಡರ ಮಧ್ಯ ನಿಂತ್ರೆ ಮಾತ್ರ ಎಡವಟ್ಟು. ತನ್ನನ್ನೇ ನೋಡ್ಕೋತಿದಾಳೆ ಅಂದ್ರೆ, ನಾವು ಅವಳ ಹಿಂದೆ ಸ್ವಲ್ಪ ಪಕ್ಕಕ್ಕೆ ನಿಂತಿರ್ತೀವಿ (ನೇರ ಹಿಂದೆ ನಿಂತ್ರೆ ಅವಳ ತಲೆಯೇ ಕನ್ನಡಿಯಲ್ಲಿರೋ ಮುಖನ ಮುಚ್ಚಿಬಿಡತ್ತೆ), ಆಗ ಕನ್ನಡಿಯಲ್ಲಿ ಮುಖ ನಮಗೆ ಸ್ವಲ್ಪ ಓರೆಯಾಗಿ ಕಾಣ್ಬೇಕು, ಕಣ್ಣುಗುಡ್ಡೆ ನಮ್ಮನ್ನ ದಾಟಿ ಪಕ್ಕಕ್ಕೆ ಹೋಗಿರ್ಬೇಕು. ನಮ್ಮನ್ನ ನೋಡ್ತಿದಾಳೆ ಅಂದ್ರೆ ಹಿಂದಿನ ತಲೆ, ಕತ್ತು ಕೂಡ ಅದಕ್ಕೆ ತಕ್ಕ ಹಾಗೆ ಒಂಚೂರು ತಿರುಗಿರ್ಬೇಕು. ನಿಮ್ಮದರಲ್ಲಿ ಕತ್ತು ತನ್ನನ್ನ ನೋಡ್ಕೊಳ್ಳೋ ಕತ್ತು, ಕಣ್ಣು ನಮ್ಮನ್ನ ನೋಡೋ ಕಣ್ಣು. ಕ್ಲೈಂಟ್‌ಗೆ ಚುಚ್ಚಿದ್ದು ಅದು.

ಈಗ ಸೈಜು. ಬಿಸಿನೀರು ಸ್ನಾನ ಆದ್ಮೇಲೆ ಆವಿ ಕೂತ ಬಚ್ಚಲು ಕನ್ನಡಿ ಮೇಲೆ ನಿಮ್ಮ ಮುಖದ ಅಂಚನ್ನ ಬೆರಳಲ್ಲಿ ಗೀಚಿ, ಒಂದು ಕಣ್ಣು ಮುಚ್ಕೊಂಡು ಮಾಡಿ. ಆಮೇಲೆ ಅಳತೆ ನೋಡಿ, ನಿಮ್ಮ ಮುಖದ ಸರಿಯಾಗಿ ಅರ್ಧ ಇರತ್ತೆ, ಹತ್ರ ನಿಂತ್ರೂ ಅರ್ಧ ದೂರ ನಿಂತ್ರೂ ಅರ್ಧ. ಕಲಾ ಇತಿಹಾಸಕಾರ ಗೋಂಬ್ರಿಕ್ ಇದನ್ನ ಬರೆದಾಗ ಓದಿದೋರು ನಂಬದೆ ಬಚ್ಚಲಿಗೆ ಹೋಗಿ ನೋಡೋ ಅಂಥ ವಿಷಯ. ಕಾರಣ ಸರಳ, ನಿಮ್ಮ ಪ್ರತಿಬಿಂಬ ಕನ್ನಡಿ ಮೇಲಿಲ್ಲ, ನೀವು ಕನ್ನಡಿಯಿಂದ ಎಷ್ಟು ದೂರ ಇದೀರೋ ಅಷ್ಟೇ ದೂರ ಕನ್ನಡಿಯ ಆಚೆ ಇದೆ.

ಅದೇ ಲೆಕ್ಕ ನಿಮ್ಮ ಚಿತ್ರಕ್ಕೆ ಹಾಕೋಣ. ಕ್ಯಾಮೆರಾದಿಂದ ಅವಳಿಗೆ ಇರೋ ದೂರನ, ಆ ದೂರ ಮತ್ತು ಅವಳಿಂದ ಕನ್ನಡಿಗೆ ಇರೋ ದೂರದ ಎರಡರಷ್ಟು, ಇವೆರಡನ್ನ ಕೂಡಿಸಿದ್ದರಿಂದ ಭಾಗಿಸಿ, ಅಷ್ಟೇ. ಅವಳು ಕನ್ನಡಿಯಿಂದ ಒಂದೂವರೆ ಅಡಿ, ನೀವು ಅವಳ ಹಿಂದೆ 3 ಅಡಿಯಲ್ಲಿ ಮೊಬೈಲ್ ಹಿಡಿದ್ರೆ 3ನ್ನ 6ರಿಂದ ಭಾಗಿಸಿ, ಅರ್ಧ. ಅಂದ್ರೆ ಹಿಂದಿನಿಂದ ಕಾಣೋ ತಲೆ ಒಂದು ಅಂಗೈ ಅಗಲ ಇದ್ರೆ ಕನ್ನಡಿಯಲ್ಲಿ ಮುಖ ಅರ್ಧ ಅಂಗೈ. ನಿಮಗೆ ಆಗಿದ್ದು ಇದೇ. ಅದೇ ನೀವು 12 ಅಡಿ ಹಿಂದೆ ಹೋದ್ರೆ 12 ಭಾಗ 15, ಅಂದ್ರೆ ಐದರಲ್ಲಿ ನಾಲ್ಕು ಭಾಗ. ಅವಳು ಲಿಪ್‌ಸ್ಟಿಕ್ ಹಚ್ಕೊಳ್ಳೋಕೆ ಬಗ್ಗಿ ಕನ್ನಡಿಗೆ ಅರ್ಧ ಅಡಿ ಹತ್ರ ಹೋದ್ರೆ 12 ಭಾಗ 13, ಹೆಚ್ಚುಕಮ್ಮಿ ಸಮ ಸಮ. ಅಂದ್ರೆ ಮುಖ ದೊಡ್ಡದು ಬೇಕು ಅಂದ್ರೆ ಬೇರೆ ಫೋಟೋ ತರೋ ಅಗತ್ಯ ಇರ್ಲಿಲ್ಲ, ಹಿಂದಕ್ಕೆ ಹೋಗಿ ಝೂಮ್ ಮಾಡಿದ್ರೆ ಸಾಕಿತ್ತು. ಮೊಬೈಲಿನ ಮಾಮೂಲಿ ಲೆನ್ಸ್ ವೈಡ್ ಆಗಿರೋದ್ರಿಂದ ನಾವು ಅರಿವಿಲ್ಲದೇ ಹತ್ತಿರ ಹೋಗ್ತೀವಿ, ಅಲ್ಲೇ ಕೆಲಸ ಕೆಡೋದು.

ಹೂವಿನ ಜಗಳ. ಕನ್ನಡಿ ಎಡ ಬಲ ಉಲ್ಟಾ ಮಾಡತ್ತೆ ಅನ್ನೋದು ನಾವೆಲ್ಲ ಸ್ಕೂಲಿಂದ ಹೊತ್ಕೊಂಡು ಬಂದಿರೋ ಮಾತು, ಚಿತ್ರ ಬರೆಯೋರಿಗೆ ಅದರಿಂದ ಆಗಿರೋ ನಷ್ಟ ಅಷ್ಟಿಷ್ಟಲ್ಲ. ಕನ್ನಡಿ ಉಲ್ಟಾ ಮಾಡೋದು ಹಿಂದು ಮುಂದನ್ನ. ನಿಮ್ಮ ಹುಡುಗಿ ನಮಗೆ ಬೆನ್ನು ಹಾಕಿ ಕೂತಿದಾಳೆ, ಅವಳ ಎಡಗಿವಿ ನಮ್ಮ ಎಡಗಡೆಗೇ ಇದೆ, ಹೂವು ಪೋಸ್ಟರ್‌ನ ಎಡಕ್ಕೆ. ಕನ್ನಡಿಯಲ್ಲೂ ಆ ಹೂವು ಮುಖದ ಎಡಕ್ಕೇ ಬರ್ಬೇಕು. ಎದುರಿಂದ ತೆಗೆದ ಫೋಟೋದಲ್ಲಿ ಅವಳ ಎಡಗಿವಿ ನಮ್ಮ ಬಲಕ್ಕೆ ಬರತ್ತೆ, ಅದನ್ನ ಹಂಗೇ ಕೂರಿಸಿದ್ರಿ. ತಪ್ಪು ಅಂದೋರು ಗೆದ್ರು. ಬೈತಲೆ, ಮಚ್ಚೆ, ಬ್ಲೌಸಿನ ಗುಂಡಿ, ಲಿಪ್‌ಸ್ಟಿಕ್ ಹಿಡಿದ ಕೈ, ಎಲ್ಲಕ್ಕೂ ಇದೇ ಲೆಕ್ಕ. ಕೈ ಅಂತೂ ಮರೀಲೇಬೇಡಿ. ಬಲಗೈಯಲ್ಲಿ ಲಿಪ್‌ಸ್ಟಿಕ್ ಇದ್ರೆ ಕನ್ನಡಿಯಲ್ಲೂ ಅದು ಚಿತ್ರದ ಬಲಕ್ಕೇ ಇರ್ಬೇಕು.

ಇದನ್ನೆಲ್ಲ ಒಂದೇ ಏಟಿಗೆ ಚೆಕ್ ಮಾಡೋಕೆ ಒಂದು ಉಪಾಯ ಇದೆ, ಹೊಸ ಲೇಯರ್ ಹಾಕ್ಕೊಂಡು ಈಗ್ಲೇ ಮಾಡಿ. ಕಿವಿಯೋಲೆಯಿಂದ ಅದರ ಪ್ರತಿಬಿಂಬಕ್ಕೆ ಒಂದು ನೇರ ಗೆರೆ. ಲಿಪ್‌ಸ್ಟಿಕ್ ತುದಿಯಿಂದ ಅದರ ಪ್ರತಿಬಿಂಬಕ್ಕೆ ಇನ್ನೊಂದು. ಸೆಂಟ್ ಬಾಟಲಿ ಮುಚ್ಚಳದಿಂದ ಒಂದು, ಮೊಣಕೈಯಿಂದ ಒಂದು. ಈ ಗೆರೆಗಳನ್ನ ಮುಂದಕ್ಕೆ ಎಳೆದ್ರೆ ಎಲ್ಲವೂ ಒಂದೇ ಚುಕ್ಕೆಯಲ್ಲಿ ಸೇರ್ಬೇಕು. ಸೇರ್ಲಿಲ್ಲ ಅಂದ್ರೆ ಯಾವುದೋ ಒಂದು ವಸ್ತು ಬೇರೆ ರೂಮಿನ ಕನ್ನಡಿಯಲ್ಲಿದೆ ಅಂತ. ನೋಡೋರಿಗೆ ಕಾರಣ ಹೇಳೋಕೆ ಬರಲ್ಲ, ಆದ್ರೆ ಏನೋ ಸರಿ ಇಲ್ಲ ಅನ್ಸತ್ತೆ. ಇನ್ನೊಂದು ವಿಷಯ, ಆ ಚುಕ್ಕೆ ಇದ್ಯಲ್ಲ, ಚಿತ್ರ ನೋಡ್ತಿರೋ ನಮ್ಮ ಕಣ್ಣು ಕನ್ನಡಿಯಲ್ಲಿ ಕಾಣಬೇಕಾದ ಜಾಗಾನೂ ಅದೇ. ಅದು ಕನ್ನಡಿ ಫ್ರೇಮ್ ಒಳಗೆ, ಯಾವ ಅಡ್ಡಿಯೂ ಇಲ್ಲದ ಕಡೆ ಬಿತ್ತು ಅಂದ್ರೆ ನ್ಯಾಯವಾಗಿ ಅಲ್ಲಿ ಕ್ಯಾಮೆರಾ ಹಿಡಿದ ನೀವು ಕಾಣ್ಬೇಕು. ಆದ್ದರಿಂದ ಕನ್ನಡಿಯನ್ನ ಚೂರು ಓರೆ ಮಾಡಿ ಆ ಚುಕ್ಕೆನ ಫ್ರೇಮ್ ಹೊರಗೆ ತಳ್ಳೋದು, ಇಲ್ಲಾ ಹೂದಾನಿ ಗೀದಾನಿ ಹಿಂದೆ ಅಡಗಿಸೋದು ವಾಡಿಕೆ.

ಬೆಳಕಿಗೆ ಬರೋಣ. ಹಿಂದಿನಿಂದ ಕಾಣೋ ಭುಜದ ಮೇಲೆ ಬೀಳೋ ಬೆಳಕು ಬೇರೆ, ಕನ್ನಡಿಯಲ್ಲಿ ಕಾಣೋ ಮುಖದ ಮೇಲೆ ಬೀಳೋದು ಬೇರೆ, ಯಾಕಂದ್ರೆ ಕನ್ನಡಿ ತೋರಿಸ್ತಿರೋದು ನಮ್ಮ ಕಣ್ಣಿಗೆ ನೇರವಾಗಿ ಸಿಗದ ಆ ಕಡೆಯನ್ನ. ಟೇಬಲ್ ಲ್ಯಾಂಪ್ ಕನ್ನಡಿ ಪಕ್ಕದಲ್ಲಿದ್ರೆ ಮುಖ ಬೆಳಗಬೇಕು, ಬೆನ್ನು ಹೆಚ್ಚುಕಮ್ಮಿ ನೆರಳಲ್ಲಿ, ಕೆನ್ನೆ ಅಂಚಲ್ಲೋ ಕಿವಿ ಹಿಂದೆಯೋ ಒಂದು ತೆಳು ಹಳದಿ ಗೆರೆ ಅಷ್ಟೇ. ಪಿನ್‌ಅಪ್‌ಗೆ ಇದು ವರ ಇದ್ದ ಹಾಗೆ, ನೋಡೋರ ಕಣ್ಣು ತಾನಾಗೇ ಮುಖಕ್ಕೆ ಓಡತ್ತೆ. ಎರಡನ್ನೂ ಒಂದೇ ಹೊಳಪಲ್ಲಿ ಬರೆದ್ರೆ ಒಂದೇ ಕುರ್ಚಿಯಲ್ಲಿ ಇಬ್ರು ಹುಡುಗಿಯರು ಕೂತ ಹಾಗಿರತ್ತೆ.

ಮಾಮೂಲಿ ಕನ್ನಡಿಯಲ್ಲಿ ಪಾದರಸದ ಬಳಿತ ಅಂತೀವಲ್ಲ, ಈಗ ಅದು ಪಾದರಸ ಅಲ್ಲ ಬಿಡಿ, ಆ ಪದರ ಇರೋದು ಗಾಜಿನ ಹಿಂದುಗಡೆ. ಅದಕ್ಕೆ ಬೆರಳು ಕನ್ನಡಿಗೆ ತಾಗಿಸಿದ್ರೂ ಬೆರಳಿಗೂ ಅದರ ಬಿಂಬಕ್ಕೂ ಮಧ್ಯ ಗಾಜಿನ ದಪ್ಪಕ್ಕೆ ತಕ್ಕಷ್ಟು ಜಾಗ ಉಳಿಯತ್ತೆ. ಅವಳ ಇನ್ನೊಂದು ಕೈ ಕನ್ನಡಿ ಮುಟ್ಟಿದ್ರೆ ಆ ಸಂದಿ ಬಿಡಿ, ನೋಡಿದ ತಕ್ಷಣ ಗಾಜು ಅನ್ಸತ್ತೆ. ಬಣ್ಣ ಚೂರು ಹಸಿರಿಗೆ, ಚೂರು ಮಂಕಿಗೆ ಎಳೀಲಿ. ಕನ್ನಡಿಯ ಅಂಚು ಇಳಿಜಾರಾಗಿ ಕತ್ತರಿಸಿದ್ದಾಗಿದ್ರೆ ಆ ಒಂದು ಪಟ್ಟಿಯಲ್ಲಿ ಬಿಂಬ ಮುರಿದು ಪಕ್ಕಕ್ಕೆ ಸರಿಯತ್ತೆ, ಮುಖದ ಒಂದು ತುಂಡೋ ಹೂವಿನ ಒಂದು ಎಸಳೋ ಅಲ್ಲಿ ಕಂಡ್ರೆ ಸಾಕು, ಬೇರೆ ಹೊಳಪಿನ ಗೆರೆಗಳನ್ನ ಎಳೆದು ಇದು ಕನ್ನಡಿ ಕಣ್ರೀ ಅಂತ ಕೂಗಬೇಕಾಗಲ್ಲ. ಟೇಬಲ್ ಮೇಲಿನ ಪೌಡರ್ ಡಬ್ಬಿಯ ಬಾಯಿ ಹತ್ರದಿಂದ ಅಗಲವಾದ ಮೊಟ್ಟೆಯಾಕಾರ, ಕನ್ನಡಿಯೊಳಗೆ ಅದೇ ಬಾಯಿ ಇನ್ನೂ ಚಪ್ಪಟೆ, ದೂರ ಜಾಸ್ತಿ ಆಯ್ತಲ್ಲ. ಇದನ್ನ ಕಾಪಿ ಪೇಸ್ಟ್ ಮಾಡೋರು ನೂರಕ್ಕೆ ತೊಂಬತ್ತು ಜನ. ಲೆಕ್ಕ ಹಾಕಿ ಹೇಳ್ತಿಲ್ಲ, ಹೊಟ್ಟೆ ಉರಿಗೆ ಹೇಳ್ತಿದೀನಿ.

ಮಾಸ್ಟರ್‌ಗಳು ಸುಳ್ಳು ಬರೆದ್ರಾ? ಬರೆದ್ರು, ಬೇಕಾದಷ್ಟು. ವೆಲಾಸ್ಕೆಜ್‌ನ ಕನ್ನಡಿಯಲ್ಲಿರೋ ಮುಖ ಇರಬೇಕಾದ್ದಕ್ಕಿಂತ ದೊಡ್ಡದು. ಪಿನ್‌ಅಪ್ ಕಡೆ ಬಂದ್ರೆ ಗಿಲ್ ಎಲ್ವ್‌ಗ್ರೆನ್, ಮಿನ್ನೆಸೋಟದ ಸೇಂಟ್ ಪಾಲ್‌ನವನು, ಅಲ್ಲಿನ ಬ್ರೌನ್ ಅಂಡ್ ಬಿಗಲೋ ಅನ್ನೋ ಕ್ಯಾಲೆಂಡರ್ ಕಂಪನಿಗೆ ವರ್ಷಗಟ್ಟಲೆ ಬರೆದ. ಸ್ಟುಡಿಯೋದಲ್ಲಿ ಮಾಡೆಲ್‌ನ ಕೂರಿಸಿ ತಾನೇ ಫೋಟೋ ತೆಗೆದು ಆಮೇಲೆ 30 ಇಂಚು 24 ಇಂಚಿನ ಕ್ಯಾನ್ವಾಸ್ ಮೇಲೆ ಎಣ್ಣೆ ಬಣ್ಣದಲ್ಲಿ ಮಾಡ್ತಿದ್ದ. ಅವನ ಫೋಟೋ ಮತ್ತು ಪೇಂಟಿಂಗ್ ಅಕ್ಕಪಕ್ಕ ಇಟ್ಟಿರೋದು ಈಗ ಸುಲಭವಾಗಿ ಸಿಗತ್ತೆ, ನೋಡಿ, ಕಾಲು ಉದ್ದ ಆಗಿರತ್ತೆ, ಸೊಂಟ ಸಣ್ಣ ಆಗಿರತ್ತೆ, ಹುಬ್ಬು ಎತ್ತರಕ್ಕೆ ಹೋಗಿರತ್ತೆ. ಆದ್ರೆ ಪಾದ ನೆಲಕ್ಕೆ ಊರಿದ ಜಾಗ, ಬೆಳಕು ಬಂದ ದಿಕ್ಕು, ಬಟ್ಟೆ ಮಡಿಕೆ ಬಿದ್ದ ಕಡೆ, ಇವುಗಳಲ್ಲಿ ಫೋಟೋದ ನಿಯತ್ತು ಹಂಗೇ ಉಳ್ಕೊಂಡಿರತ್ತೆ. ಅಂದ್ರೆ ಎಲ್ಲಿ ಸುಳ್ಳು ಹೇಳಿದ್ರೆ ನಡೆಯತ್ತೆ ಅಂತ ಗೊತ್ತಿದ್ದ ಮನುಷ್ಯ. ಅದೇ ಆಲ್ಬರ್ಟೊ ವರ್ಗಾಸ್, ಜಾರ್ಜ್ ಪೆಟ್ಟಿ ಇವರದ್ದು ನೋಡಿ, ಎಸ್ಕ್ವಾಯರ್ ಪತ್ರಿಕೆಗೆ ಬರೆದ ಹುಡುಗಿಯರ ಹಿಂದೆ ಬಹುಪಾಲು ಬರೀ ಖಾಲಿ ಬಿಳಿ, ರೂಮೇ ಇಲ್ಲ. ಪೆಟ್ಟಿಯ ಹುಡುಗಿ ಕೈಯಲ್ಲಿ ಟೆಲಿಫೋನ್ ಇರ್ತಿತ್ತು, ಅವಳ ಗಮನ ಬೇರೆಲ್ಲೋ ಇದೆ ಅಂತ ತೋರಿಸೋಕೆ ಅಷ್ಟು ಸಾಕಿತ್ತು, ಕನ್ನಡಿಯ ತಲೆನೋವೇ ಬೇಡ.

ಆದ್ರೆ ಮಾಸ್ಟರ್‌ಗಳು ತಪ್ಪು ಮಾಡಿದಾರೆ ಅನ್ನೋ ಮೊದಲು ಚೂರು ತಡೀರಿ. ಫ್ರೆಂಚ್ ಚಿತ್ರಕಾರ ಮಾನೆ 1882ರಲ್ಲಿ ಬರೆದ, ಪ್ಯಾರಿಸ್‌ನ ಫೋಲಿ ಬೆರ್ಜೇರ್ ಬಾರ್ ಚಿತ್ರದಲ್ಲಿ ಬಾರ್ ಹುಡುಗಿಯ ಹಿಂದೆ ದೊಡ್ಡ ಕನ್ನಡಿ ಇದೆ, ಅದರಲ್ಲಿ ಅವಳ ಬಿಂಬ ತೀರಾ ಬಲಕ್ಕೆ ಸರಿದಿದೆ, ಇವನಿಗೆ ಕನ್ನಡಿ ಬರೆಯೋಕೇ ಬರಲ್ಲ ಅಂತ ಆಗಿನೋರು ಆಡ್ಕೊಂಡ್ರು. ಎಷ್ಟೋ ಕಾಲದ ಮೇಲೆ ಆಸ್ಟ್ರೇಲಿಯಾದ ಮಾಲ್ಕಮ್ ಪಾರ್ಕ್ ಅನ್ನೋ ಸಂಶೋಧಕ ಆ ಬಾರನ್ನೇ ಮತ್ತೆ ಕಟ್ಟಿ ಫೋಟೋ ತೆಗೆದು, ನೋಡೋನು ಮಧ್ಯದಲ್ಲಿ ನಿಲ್ಲದೆ ಬಲಕ್ಕೆ ನಿಂತ್ರೆ ಹಾಗೆ ಕಾಣೋದು ಸಾಧ್ಯ ಅಂತ ತೋರಿಸಿದ.

ನನ್ನ ಅಭಿಪ್ರಾಯ ಕೇಳಿದ್ರೆ, ಸೈಜಲ್ಲಿ ಸುಳ್ಳು ಹೇಳಿ, ಯಾರೂ ಕೇಳಲ್ಲ. ಮುಖದ ಬೆಳಕನ್ನ ಚೂರು ಏರಿಸಿ, ಪರವಾಗಿಲ್ಲ. ಎಡ ಬಲದಲ್ಲಿ, ಗೆರೆಗಳು ಸೇರೋ ಚುಕ್ಕೆಯಲ್ಲಿ, ಕತ್ತಿಗೂ ಕಣ್ಣಿಗೂ ಇರೋ ಸಂಬಂಧದಲ್ಲಿ ಸುಳ್ಳು ಹೇಳಿದ್ರೆ ಸಿಕ್ಕಿಬೀಳ್ತೀರ.

ಈಗ ನಿಮ್ಮ ಮುಂದಿರೋ ದಾರಿಗಳು. ಟೈಮ್ ಇಲ್ಲ ಅಂದ್ರಿ, ಎಲ್ಲ ಅಳಿಸೋದೇನೂ ಬೇಡ, ಬೆನ್ನು, ಟೇಬಲ್, ಬಟ್ಟೆ ಹಾಗೇ ಇರ್ಲಿ. ನನಗೆ ಇಷ್ಟವಾದ ದಾರಿ ಒಂದಿದೆ, ಕನ್ನಡಿ ಇಲ್ಲದೇ ಕನ್ನಡಿ ಫೋಟೋ ತೆಗೆಯೋದು. ಹಿಂದಿನ ಫೋಟೋ ನೀವು ಎಷ್ಟು ದೂರದಿಂದ ತೆಗೆದ್ರೋ, ಅದಕ್ಕೆ ಕನ್ನಡಿ ದೂರದ ಎರಡರಷ್ಟು ಸೇರಿಸಿ. 10 ಅಡಿ ಹಿಂದೆ, ಕನ್ನಡಿ ಒಂದೂವರೆ ಅಡಿ ಅಂದ್ರೆ 13 ಅಡಿ. ಕನ್ನಡಿ ತೆಗೆದುಬಿಡಿ, ಅವಳ ಎದುರು 13 ಅಡಿಯಲ್ಲಿ ನಿಲ್ಲಿ, ಹಿಂದೆ ನಿಂತಾಗ ಅವಳ ಬಲಗಡೆಗೆ ಎಷ್ಟು ಸರಿದಿದ್ರೋ ಈಗ್ಲೂ ಅವಳ ಬಲಗಡೆಗೆ ಅಷ್ಟೇ ಸರಿದು, ಅದೇ ಎತ್ತರ, ಅದೇ ಝೂಮ್. ಅವಳು ನೇರ ತನ್ನ ಮುಂದೆ ನೋಡ್ಲಿ, ನಿಮ್ಮನ್ನಲ್ಲ. ಕ್ಲಿಕ್ ಮಾಡಿ ಅಡ್ಡಕ್ಕೆ ಫ್ಲಿಪ್ ಮಾಡಿ. ಸೈಜು, ಕೋನ, ಹೂವು, ನೋಟ ಎಲ್ಲ ತಾನಾಗೇ ಸರಿ ಬರತ್ತೆ. ರಿಸ್ಕ್ ಏನು ಅಂದ್ರೆ, ಎರಡು ಕ್ಲಿಕ್ ಮಧ್ಯ ಅವಳು ಅಲ್ಲಾಡಿರ್ತಾಳೆ, ಮೊಣಕೈ ಎರಡು ಇಂಚು ಇಳಿದಿರತ್ತೆ, ಗೆರೆ ಎಳೆದು ನೋಡಿದಾಗ ಗೊತ್ತಾಗತ್ತೆ. ಬೆಳಕು ಮುಟ್ಟಬೇಡಿ. ನಿಮ್ಮ ಮನೆ ರೂಮು 13 ಅಡಿ ಬಿಡತ್ತಾ ಅನ್ನೋದೂ ಪ್ರಶ್ನೆನೇ, ಮದುವೆ ಹಾಲ್‌ನ ಡ್ರೆಸ್ಸಿಂಗ್ ರೂಮಿಗೆ ಹೋಗಿ ಮಾಡಿದೋರನ್ನ ನಾನು ನೋಡಿದೀನಿ. ಮತ್ತೆ ಒಂದು ಮಾತು, ಮೊದಲ ಫೋಟೋ 3 ಅಡಿಯಿಂದ ತೆಗೆದಿದ್ರೆ ಅದಕ್ಕೆ ಇದನ್ನ ಜೋಡಿಸೋಕೆ ಆಗಲ್ಲ, ಹಿಂದಿನದ್ದನ್ನೂ ದೂರದಿಂದ ಇನ್ನೊಂದು ತೆಗೀಬೇಕಾಗತ್ತೆ, ಬೆನ್ನಿನ ಡ್ರಾಯಿಂಗ್‌ನಲ್ಲಿ ಸಣ್ಣಪುಟ್ಟ ತಿದ್ದುಪಡಿ ಬೀಳತ್ತೆ.

ನಿಜವಾದ ಕನ್ನಡಿ ಇಟ್ಟೇ ತೆಗೀತೀನಿ ಅಂದ್ರೆ ಅದೂ ಒಳ್ಳೇದೇ, ಫೋಕಸ್ ಮಾತ್ರ ನೋಡ್ಕೊಳ್ಳಿ. ಕನ್ನಡಿಯ ಗಾಜಿಗೆ ಫೋಕಸ್ ಮಾಡಿದ್ರೆ ಮುಖ ಮಸುಕಾಗತ್ತೆ, ಯಾಕಂದ್ರೆ ಲೆನ್ಸಿಗೂ ಮುಖ ಇರೋದು ಗಾಜಿನಾಚೆ. ಡಿಎಸ್‌ಎಲ್‌ಆರ್ ಇದ್ರೆ ಅಪರ್ಚರ್ (ಲೆನ್ಸ್ ಒಳಗೆ ಬೆಳಕು ಬಿಡೋ ಕಂಡಿ) ಚಿಕ್ಕದು ಮಾಡಿ, ಇಲ್ಲಾ ಎರಡು ಸಲ ತೆಗೆದು ಜೋಡಿಸಿ.

ಬ್ಲೆಂಡರ್ ಒಳ್ಳೇ ಸಾಫ್ಟ್‌ವೇರು, ಫ್ರೀ ಕೂಡ. ಒಂದು ಬೊಂಬೆ, ಒಂದು ಕನ್ನಡಿ, ಒಂದು ಟೇಬಲ್ ಇಟ್ರೆ ಎಲ್ಲಿಂದ ಏನು ಕಾಣತ್ತೆ ಅಂತ ಚಿಟಿಕೆಯಲ್ಲಿ ಗೊತ್ತಾಗತ್ತೆ, ಕಂಪೋಸಿಶನ್ ಹುಡುಕೋಕೆ ಚೆನ್ನ. ಆದ್ರೆ ಡೆಡ್‌ಲೈನ್ ತಲೆ ಮೇಲೆ ಇರುವಾಗ ಹೊಸದಾಗಿ ಕಲಿಯೋಕೆ ಕೂರಬೇಡಿ, ಮತ್ತೆ ಬೊಂಬೆಯ ಬಿಗಿತನ ಹಾಗೇ ಚಿತ್ರಕ್ಕೆ ಇಳಿಯತ್ತೆ, ಪಿನ್‌ಅಪ್‌ನಲ್ಲಿ ಬಿಗಿತ ಬಂದ್ರೆ ಮುಗೀತು. ಎಐ ಟೂಲ್‌ಗೆ ಕೊಟ್ಟು ಕನ್ನಡಿ ಸರಿ ಮಾಡಿಸೋ ಆಸೆ ಇದ್ರೆ ಈ ಗೆರೆ ಪರೀಕ್ಷೆ ಅದಕ್ಕೂ ಹಾಕಿ, ಬಹಳ ಸಲ ಫೇಲಾಗತ್ತೆ.

ಇನ್ನೊಂದು ದಾರಿ, ಅವಳು ನಮ್ಮನ್ನೇ ನೋಡ್ಲಿ ಅಂತ ಧೈರ್ಯವಾಗಿ ಒಪ್ಕೊಳ್ಳೋದು. ಆಗ ಮುಖ ಫ್ಲಿಪ್ ಮಾಡಿ, ಹತ್ತಕ್ಕೆ ಒಂಬತ್ತರಷ್ಟು ಸೈಜಿಗೆ ಇಳಿಸಿ, ಬೆನ್ನ ಕಡೆ ತಲೆಯನ್ನ ನಾವು ನಿಂತ ದಿಕ್ಕಿಗೆ ಚೂರು ತಿರುಗಿಸಿ, ಒಂದು ಹುಬ್ಬು ಏರಿಸಿ. ಕೆಲಸ ಕಮ್ಮಿ, ಸ್ಟೈಲಿಗೂ ನಿಯತ್ತು. ರಿಸ್ಕ್ ಏನಂದ್ರೆ ಚಿತ್ರದ ಕಥೆಯೇ ಬದಲಾಗತ್ತೆ, ಸಲೂನಿಗೆ ಬಂದ ಹೆಂಗಸರಿಗೆ ತಮ್ಮ ಪಾಡಿಗೆ ಅಲಂಕಾರ ಮಾಡ್ಕೋತಿರೋ ಹುಡುಗಿ ಬೇಕೋ, ಕನ್ನಡಿಯಿಂದ ತಮ್ಮನ್ನೇ ಕೆಣಕೋ ಹುಡುಗಿ ಬೇಕೋ, ಅದು ಕ್ಲೈಂಟ್ ಹೇಳ್ಬೇಕಾದ್ದು.

ಚೀಪ್ ಅಂದೋರ ಮಾತನ್ನ ನಾನು ತಳ್ಳಿಹಾಕಲ್ಲ. ಬೆತ್ತಲೆ ಹೆಣ್ಣನ್ನ ನೋಡೋ ಆಸೆಗೆ ಚಿತ್ರ ಬರೆದೋನು ನೀನು, ಅವಳ ಕೈಗೆ ಕನ್ನಡಿ ಕೊಟ್ಟು ಒಣಜಂಭ ಅಂತ ಹೆಸರಿಟ್ಟು ಬೈದೋನೂ ನೀನೇ ಅನ್ನೋ ಅರ್ಥದ ಮಾತನ್ನ ಜಾನ್ ಬರ್ಜರ್ ಅನ್ನೋ ಬ್ರಿಟಿಷ್ ವಿಮರ್ಶಕ 1972ರಲ್ಲಿ ಬಿಬಿಸಿಯ ಕಾರ್ಯಕ್ರಮದ ಜೊತೆ ಬಂದ ಬರಹದಲ್ಲಿ ಹೇಳಿದ, ಅದರಲ್ಲಿ ಹುರುಳಿದೆ. ಕ್ಯಾಲೆಂಡರ್ ಕಂಪನಿಗಳಿಗೂ ಗ್ಯಾರೇಜು, ಹಾರ್ಡ್‌ವೇರ್ ಅಂಗಡಿ ಗೋಡೆ ಮೇಲೆ ವರ್ಷವಿಡೀ ತೂಗೋ ಚಿತ್ರಕ್ಕೆ ಒಂದು ನೆಪ ಬೇಕಿತ್ತು, ಡ್ರೆಸ್ಸಿಂಗ್ ಟೇಬಲ್ ಆ ನೆಪ. ಆದ್ರೆ ಎರಡೂ ಕಡೆ ತೋರಿಸೋದು ಅಂದ ತಕ್ಷಣ ಚೀಪ್ ಅನ್ನೋದಾದ್ರೆ, ಶಿಲ್ಪಕ್ಕಿಂತ ಚಿತ್ರ ಕಮ್ಮಿ ಏನಲ್ಲ ಅಂತ ತೋರಿಸೋಕೆ ಇಟಲಿಯ ಚಿತ್ರಕಾರ ಜಾರ್ಜೋನೆ ಒಬ್ಬ ಗಂಡಸನ್ನ ಹಿಂದಿನಿಂದ ಬರೆದು, ಎದುರಿನದ್ದನ್ನ ನೀರಲ್ಲಿ, ಒಂದು ಪಕ್ಕನ ಹೊಳೆಯೋ ಕವಚದಲ್ಲಿ, ಇನ್ನೊಂದು ಪಕ್ಕನ ಕನ್ನಡಿಯಲ್ಲಿ ತೋರಿಸಿದ್ದ ಅಂತ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ 16ನೇ ಶತಮಾನದಲ್ಲೇ ಬರೆದಿದಾನೆ, ಅದಕ್ಕೇನಂತಾರೆ? ನಮ್ಮ ಬೇಲೂರಿನ ದರ್ಪಣ ಸುಂದರಿ ಅಂತೂ ಇದ್ದೇ ಇದಾಳೆ, ಕೈಯಲ್ಲಿ ಕನ್ನಡಿ, ಅವಳ ಗಮನವೆಲ್ಲ ಅದರ ಮೇಲೇ, ಕನ್ನಡಿಯಲ್ಲಿ ಏನು ಕಾಣ್ತಿದೆ ಅಂತ ನಮಗೆ ತೋರಿಸೋ ಗೋಜಿಗೇ ಶಿಲ್ಪಿ ಹೋಗಿಲ್ಲ.

ಇನ್ನು ಪಿನ್‌ಅಪ್ ಬರೆದೋರೆಲ್ಲ ಗಂಡಸರು ಅಂತ ಬಹಳ ಜನ ಅಂದ್ಕೊಂಡಿರ್ತಾರೆ. ಜೋಯಿ ಮೊಜರ್ಟ್ ಅನ್ನೋರು, 1907ರಲ್ಲಿ ಹುಟ್ಟಿದೋರು, ಆರ್ಟ್ ಸ್ಕೂಲ್ ಫೀಸು ಕಟ್ಟೋಕೆ ಮಾಡೆಲಿಂಗ್ ಮಾಡಿದೋರು, ಪೇಸ್ಟಲ್‌ನಲ್ಲಿ ಪಿನ್‌ಅಪ್ ಬರೆದು ಆ ಕಾಲದ ದೊಡ್ಡ ಹೆಸರಾದ್ರು. ಅವರು ಎಷ್ಟೋ ಚಿತ್ರಕ್ಕೆ ತಮಗೆ ತಾವೇ ಮಾಡೆಲ್, ಕನ್ನಡಿ ಇಟ್ಕೊಂಡೋ ಕ್ಯಾಮೆರಾ ಇಟ್ಕೊಂಡೋ ತಮ್ಮದೇ ಪೋಸ್ ನೋಡಿ ಬರೀತಿದ್ರು. ಅಲ್ಲಿ ಕನ್ನಡಿ ಚಿತ್ರದೊಳಗಲ್ಲ, ಈಸೆಲ್ ಪಕ್ಕದಲ್ಲಿತ್ತು. ನಿಮಗೂ ಅದು ಕೆಲಸಕ್ಕೆ ಬರತ್ತೆ, ಲಿಪ್‌ಸ್ಟಿಕ್ ಹಿಡಿದ ಬೆರಳುಗಳ ಬಾಗು ಫ್ರೆಂಡ್‌ನ ಫೋಟೋದಲ್ಲಿ ಸರಿಯಾಗಿ ಬಂದಿಲ್ಲ ಅಂದ್ರೆ ನೀವೇ ಕನ್ನಡಿ ಮುಂದೆ ಕೂತು ಹಚ್ಕೊಂಡು ನೋಡಿ, ಕಿರುಬೆರಳು ಎಲ್ಲಿ ಹೋಗತ್ತೆ, ಬಾಯಿ ಎಷ್ಟು ತೆರೆಯತ್ತೆ, ಕಣ್ಣು ತುಟಿ ಮೇಲಿರತ್ತೋ ಕಣ್ಣ ಮೇಲಿರತ್ತೋ ಅಂತ. ಲಿಪ್‌ಸ್ಟಿಕ್ ಹಚ್ಚುವಾಗ ಯಾರೂ ತಮ್ಮ ಕಣ್ಣನ್ನ ನೋಡ್ಕೊಳ್ಳಲ್ಲ, ತುಟಿಯನ್ನ ನೋಡ್ತಾರೆ, ರೆಪ್ಪೆ ಚೂರು ಇಳಿದಿರತ್ತೆ. ನಿಮ್ಮ ಚಿತ್ರದಲ್ಲಿ ಆ ಒಂದು ರೆಪ್ಪೆ ಇಳಿಸಿದ್ರೆ ನೋಟದ ಅರ್ಧ ಗಲಾಟೆ ಅಲ್ಲೇ ಮುಗಿಯಬಹುದು, ಬೇರೆ ಏನು ಮಾಡೋಕಿಂತ ಮೊದಲು ಅದನ್ನ ಟ್ರೈ ಮಾಡಿ.

ಕ್ಲೈಂಟ್‌ಗೆ ಈಗ್ಲೇ ಫೈನಲ್ ಕಳಿಸಬೇಡಿ. ಎರಡು ಚಿಕ್ಕ ಪೆನ್ಸಿಲ್ ಸ್ಕೆಚ್ ಮಾಡಿ, ಒಂದರಲ್ಲಿ ತುಟಿ ನೋಡ್ಕೊಳ್ಳೋ ಹುಡುಗಿ, ಇನ್ನೊಂದರಲ್ಲಿ ನಮ್ಮನ್ನ ನೋಡೋಳು. ಯಾವುದು ಬೇಕು ಅಂತ ಬರವಣಿಗೆಯಲ್ಲಿ ಹೇಳಿಸ್ಕೊಳ್ಳಿ, ಆಮೇಲೆ ಬಣ್ಣಕ್ಕೆ ಕೈ ಹಾಕಿ. ಮತ್ತೆ ಆ ಪೋಸ್ಟರ್ ಸಲೂನಿನ ಯಾವ ಗೋಡೆಗೆ ಹೋಗತ್ತೆ ಅಂತಾನೂ ಕೇಳಿ, ಎದುರು ಗೋಡೆ ತುಂಬಾ ಕನ್ನಡಿ ಇದ್ರೆ ಗಿರಾಕಿಗಳು ನಿಮ್ಮ ಚಿತ್ರವನ್ನ ನೋಡೋದೇ ಫ್ಲಿಪ್ ಆಗಿ, ಅಂಗಡಿ ಹೆಸರನ್ನ ಎಲ್ಲಿ ಬರೀಬೇಕು ಅನ್ನೋದು ಅದರ ಮೇಲೆ ಹೋಗತ್ತೆ.